ಆಚಾರ್ಯ ಮುಷ್ಟಿ: ಕಲಿಸುವವರ ಕೈ ಮಕ್ಕಳಿಗೆ ಏನು ಹೇಳುತ್ತದೆ?

ಇಂದಿನ ಚಿಂತನೆಗೆ ಒಂದು ಪಾಲಿ ಪದ ತೆಗೆದುಕೊಳ್ಳೋಣ: *ಆಚರಿಯ ಮುಟ್ಠಿ*. ಕನ್ನಡದಲ್ಲಿ ಗುರುವಿನ ಮುಷ್ಟಿ. ಮಹಾಪರಿನಿಬ್ಬಾಣ ಸುತ್ತದಲ್ಲಿ ಈ ಪದ ಬರುತ್ತದೆ. ಭಗವಾನರಿಗೆ ಆಗ 80 ವರ್ಷ. ವೈಶಾಲಿಯ ಹತ್ತಿರ ಬೇಲುವ ಎಂಬ ಹಳ್ಳಿಯಲ್ಲಿ ಮಳೆಗಾಲ ಕಳೆಯುತ್ತಿದ್ದಾಗ ದೊಡ್ಡ ಕಾಯಿಲೆ ಬಂದು ಹೋಗಿತ್ತು. ಸಂಘಕ್ಕೆ ಏನಾದರೂ ಕೊನೆಯ ಮಾತು ಹೇಳದೆ ಭಗವಾನರು ಹೋಗಲಾರರು ಎಂದು ಆನಂದರು ಕಾದಿದ್ದರು. ಅದಕ್ಕೆ ಬಂದ ಉತ್ತರದ ಸಾರ ಇಷ್ಟು: ಇವರಿಗೆ ಹೇಳಬಹುದಾದ್ದು, ಇವರಿಗೆ ಹೇಳಬಾರದ್ದು ಎಂದು ಬೇರೆ ಮಾಡದೆ ಧಮ್ಮವನ್ನು ಕಲಿಸಿದ್ದಾಗಿದೆ, ತಥಾಗತರ ಹತ್ತಿರ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದು ಯಾವುದೂ ಇಲ್ಲ.

ಈ ಮಾತು ನಮ್ಮವರಿಗೆ ಯಾಕೆ ಎದೆಗೆ ತಾಗುತ್ತದೆ ಎಂದು ವಿವರಿಸಬೇಕಿಲ್ಲ. ಈ ದೇಶದಲ್ಲಿ ವಿದ್ಯೆ ಎಷ್ಟೋ ಶತಮಾನ ಮುಚ್ಚಿದ ಮುಷ್ಟಿಯಲ್ಲೇ ಇತ್ತು. ಏಕಲವ್ಯನ ಕಥೆಯಲ್ಲಿ ಗುರು ತನ್ನ ಮುಷ್ಟಿ ತೆರೆಯಲಿಲ್ಲ, ಶಿಷ್ಯನ ಹೆಬ್ಬೆರಳು ಕೇಳಿದ. ಬುದ್ಧರು ಅಂಗೈ ತೆರೆದು ತೋರಿಸಿದ ಗುರು.

ನಾನು 28 ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಈಗ ಭಾನುವಾರ ನಮ್ಮ ವಿಹಾರದಲ್ಲಿ ಮಕ್ಕಳ ಧಮ್ಮ ತರಗತಿ ನೋಡಿಕೊಳ್ಳುತ್ತೇನೆ. "ಮುಷ್ಟಿ" ಎಂಬುದು ಬರೀ ಹೋಲಿಕೆಯ ಮಾತಲ್ಲ, ನಿಜವಾದ ಕೈಗೂ ಅದು ಅನ್ವಯಿಸುತ್ತದೆ ಎಂಬುದು ನನ್ನ ಅನುಭವ. ಪಾಠ ಹೇಳುವಾಗ ನಮ್ಮ ಬಾಯಿ ಒಂದೇ ಮಾತಾಡುವುದಿಲ್ಲ, ಕೈಯೂ ಮಾತಾಡುತ್ತದೆ. ಮಕ್ಕಳು ಎರಡನ್ನೂ ಕೇಳಿಸಿಕೊಳ್ಳುತ್ತಾರೆ.

*ಬುದ್ಧರು ಕೈಯಿಂದ ಕಲಿಸಿದ ಪಾಠಗಳು*

ಸುತ್ತಗಳನ್ನು ಓದುವಾಗ ನಾವು ಮಾತನ್ನು ಹುಡುಕುತ್ತೇವೆ. ಒಮ್ಮೆ ಕೈಯನ್ನು ಹುಡುಕುತ್ತಾ ಓದಿ ನೋಡಿ.

ಕೋಸಂಬಿಯ ಸಿಂಸಪಾ ವನದಲ್ಲಿ ಭಗವಾನರು ಕೆಲವು ಎಲೆಗಳನ್ನು ಕೈಗೆ ಎತ್ತಿಕೊಂಡು ಕೇಳುತ್ತಾರೆ: ಈ ಕೈಯಲ್ಲಿರುವ ಎಲೆ ಹೆಚ್ಚೋ, ಮೇಲೆ ಮರದಲ್ಲಿರುವ ಎಲೆ ಹೆಚ್ಚೋ? ತಿಳಿದದ್ದು ಮರದಷ್ಟು, ಕಲಿಸಿದ್ದು ಕೈಯಷ್ಟು. ಆದರೆ ಆ ಕೈಯಷ್ಟರಲ್ಲೇ ದುಃಖ, ದುಃಖದ ಕಾರಣ, ದುಃಖದ ಕೊನೆ, ಅದಕ್ಕೆ ದಾರಿ, ನಾಲ್ಕೂ ಇವೆ. ಇಲ್ಲಿ ಕೈಯಲ್ಲಿದ್ದದ್ದನ್ನು ಬಚ್ಚಿಡಲಿಲ್ಲ, ಕೇಳುವವರ ಮುಂದೆ ಹಿಡಿದು ತೋರಿಸಿದರು. ಬಿಟ್ಟದ್ದನ್ನು ಯಾಕೆ ಬಿಟ್ಟೆ ಎಂದೂ ಹೇಳಿದರು: ಅದು ದುಃಖ ಕಳೆಯುವುದಕ್ಕೆ ಉಪಯೋಗ ಬಾರದ್ದು.

ಇನ್ನೊಂದು ಕಡೆ ಉಗುರಿನ ತುದಿಯಲ್ಲಿ ಚೂರು ಧೂಳು ಎತ್ತಿಕೊಂಡು, ಈ ಧೂಳು ಹೆಚ್ಚೋ, ಇಡೀ ಭೂಮಿ ಹೆಚ್ಚೋ ಎಂದು ಕೇಳುತ್ತಾರೆ. ಮತ್ತೊಂದು ಕಡೆ ಗಾಳಿಯಲ್ಲಿ ಕೈ ಬೀಸಿ, ಈ ಕೈ ಹೇಗೆ ಎಲ್ಲೂ ಅಂಟಿಕೊಳ್ಳುವುದಿಲ್ಲವೋ, ಭಿಕ್ಖುವಿನ ಮನಸ್ಸು ಜನರ ಮನೆಗಳಿಗೆ ಹೋಗುವಾಗ ಹಾಗಿರಬೇಕು ಎನ್ನುತ್ತಾರೆ. ಅಂಟಿಕೊಳ್ಳದಿರುವುದು ಎಂದರೇನು ಎಂದು ಒಂದು ಗಂಟೆ ಭಾಷಣ ಮಾಡಬಹುದು. ಒಂದು ಸಲ ಕೈ ಬೀಸಿ ತೋರಿಸಿದರೆ ಅದು ಕಣ್ಣಿನಲ್ಲಿ ಉಳಿಯುತ್ತದೆ.

ಮಕ್ಕಳಿಗೆ ಪಾಠ ಹೇಳುವವರು ಮುಖ್ಯವಾಗಿ ಓದಬೇಕಾದದ್ದು ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ. ಪಾಠ ನಾಲ್ಕನೆಯ ಶೀಲದ್ದು, ಸುಳ್ಳು ಹೇಳಬಾರದು ಎಂಬುದು. ರಾಹುಲ ಇನ್ನೂ ಚಿಕ್ಕವನು. ಕಾಲು ತೊಳೆಯಲು ಅವನೇ ನೀರು ತಂದಿಟ್ಟಿದ್ದಾನೆ. ಭಗವಾನರು ಕಾಲು ತೊಳೆದು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸುತ್ತಾರೆ. ಆ ಚೂರು ನೀರನ್ನು ತೋರಿಸುತ್ತಾರೆ. ಆಮೇಲೆ ಅದನ್ನು ಚೆಲ್ಲುತ್ತಾರೆ. ಆಮೇಲೆ ಪಾತ್ರೆಯನ್ನು ಬೋರಲು ಹಾಕುತ್ತಾರೆ. ಆಮೇಲೆ ನೆಟ್ಟಗೆ ಮಾಡಿ ಒಳಗೆ ಖಾಲಿ ಇರುವುದನ್ನು ತೋರಿಸುತ್ತಾರೆ. ಬೇಕೆಂದೇ ಸುಳ್ಳು ಹೇಳಿ ನಾಚದವನ ಒಳ್ಳೆಯತನ ಹೀಗೆ: ಚೂರೇ ಚೂರು, ಚೆಲ್ಲಿಹೋದದ್ದು, ಬೋರಲು ಬಿದ್ದದ್ದು, ಖಾಲಿ.

ಗಮನಿಸಿ, ಬೈಗುಳ ಇಲ್ಲ, ಬೆತ್ತ ಇಲ್ಲ, ನರಕದ ಹೆದರಿಕೆ ಇಲ್ಲ. ಪಾತ್ರೆ ಮಗುವಿಗೆ ಗೊತ್ತಿರುವ ಪಾತ್ರೆ, ಅವನೇ ತಂದ ನೀರು. ಪ್ರತಿ ಹೆಜ್ಜೆಗೂ "ನೋಡಿದೆಯಾ?" ಎಂಬ ಪ್ರಶ್ನೆ. ಮಗು ಉತ್ತರ ಹೇಳಿದ ಮೇಲೇ ಮುಂದಿನ ಹೆಜ್ಜೆ. ಸಾಮ್ರಾಟ ಅಶೋಕರು ರಾಜಸ್ಥಾನದ ಬೈರಾಟ್ ಹತ್ತಿರ ಸಿಕ್ಕಿದ ಶಾಸನದಲ್ಲಿ ಭಿಕ್ಖು, ಭಿಕ್ಖುಣಿ, ಉಪಾಸಕ, ಉಪಾಸಿಕೆಯರು ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಪಟ್ಟಿ ಕೊಟ್ಟಿದ್ದಾರೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ ಅದರಲ್ಲಿದೆ.

ಸಾರನಾಥದ ಮ್ಯೂಸಿಯಂನಲ್ಲಿರುವ 5ನೇ ಶತಮಾನದ ಬುದ್ಧ ಮೂರ್ತಿಯ ಫೋಟೊ ನಮ್ಮ ಎಷ್ಟೋ ಮನೆಗಳಲ್ಲಿದೆ. ಎರಡೂ ಕೈ ಎದೆಯ ಮುಂದೆ, ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿ ಒಂದು ಚಕ್ರ, ಎಡಗೈ ಬೆರಳು ಅದನ್ನು ಮುಟ್ಟಿದೆ. ಪೀಠದಲ್ಲಿ ಧಮ್ಮಚಕ್ರ, ಜಿಂಕೆಗಳು, ಮೊದಲ ಐದು ಶಿಷ್ಯರು. ಇದು ಧಮ್ಮಚಕ್ರ ಪ್ರವರ್ತನ ಮುದ್ರೆ. ಆ ಮುದ್ರೆಯಲ್ಲಿ ಮಂತ್ರಶಕ್ತಿ ಏನೂ ಇಲ್ಲ. ಒಬ್ಬ ಮೇಷ್ಟ್ರು ಒಂದು ವಿಷಯವನ್ನು ಬಿಡಿಸಿ, ಒಂದೊಂದಾಗಿ ಎಣಿಸಿ ಹೇಳುವಾಗ ಕೈ ಹೇಗಿರುತ್ತದೋ ಹಾಗಿದೆ ಅದು. ಬುದ್ಧರು ಎಂದರೆ ಕಲಿಸುವವರು ಎಂದು ತೋರಿಸಬೇಕಾದಾಗ ಶಿಲ್ಪಿ ಆ ಕೈಗಳನ್ನು ಕೆತ್ತಿದ. ಮುಷ್ಟಿ ಕಟ್ಟಿದ ಕೈ ಅಲ್ಲಿಲ್ಲ.

*ಇಂದಿನ ವಿಜ್ಞಾನ ಏನು ಹೇಳುತ್ತದೆ*

ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮ ವಿಚಾರಕ್ಕೆ, ಪರೀಕ್ಷೆಗೆ ನಿಲ್ಲುವ ಧಮ್ಮ. ಹಾಗಾಗಿ ಕೈಯ ಮಾತನ್ನೂ ಪರೀಕ್ಷೆಗೆ ಒಡ್ಡೋಣ.

ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಸೂಸನ್ ಗೋಲ್ಡಿನ್ ಮೆಡೋ ಈ ವಿಷಯವನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಅವರು ಮಕ್ಕಳಿಗೆ ಕೊಡುತ್ತಿದ್ದದ್ದು ಇಂಥ ಲೆಕ್ಕ:

3 + 4 + 5 = ___ + 5

ನಿಮ್ಮ ಮನೆಯ ಮೂರನೇ, ನಾಲ್ಕನೇ ಕ್ಲಾಸಿನ ಮಗುವಿಗೆ ಕೊಟ್ಟು ನೋಡಿ. ಅನೇಕ ಮಕ್ಕಳು 12 ಎನ್ನುತ್ತಾರೆ, ಕೆಲವರು ಎಲ್ಲ ಕೂಡಿಸಿ 17 ಎನ್ನುತ್ತಾರೆ. ಸರಿ ಉತ್ತರ 7. ಸಮ ಚಿಹ್ನೆ ಎಂದರೆ "ಉತ್ತರ ಬರೆ" ಎಂಬ ಆಜ್ಞೆ ಎಂದು ಮಕ್ಕಳು ತಿಳಿದಿರುತ್ತಾರೆ. ಎರಡೂ ಕಡೆ ಸಮ ಎಂಬುದು ಹೊಳೆದಿರುವುದಿಲ್ಲ.

ಇಲ್ಲಿ ಮೂರು ಸಂಗತಿಗಳು ಗೊತ್ತಾದವು.

ಒಂದು: ಉತ್ತರ ತಪ್ಪು ಹೇಳುವ ಕೆಲವು ಮಕ್ಕಳ ಕೈ ಬೇರೆಯೇ ಹೇಳುತ್ತಿರುತ್ತದೆ. ಬಾಯಿ "ಎಲ್ಲ ಕೂಡಿಸಿದೆ" ಎನ್ನುತ್ತದೆ, ಕೈ ಮಾತ್ರ ಎಡಗಡೆ ಒಮ್ಮೆ ಬಲಗಡೆ ಒಮ್ಮೆ ಹೋಗಿ ಎರಡು ಪಕ್ಕಗಳನ್ನು ಬೇರೆ ಬೇರೆ ತೋರಿಸುತ್ತದೆ. ಇಂಥ ಮಕ್ಕಳಿಗೆ ಪಾಠ ಹೇಳಿದರೆ ಉಳಿದವರಿಗಿಂತ ಬೇಗ ಹಿಡಿಯುತ್ತಾರೆ. ಕೈಗೆ ಗೊತ್ತಾದದ್ದು ಬಾಯಿಗೆ ಇನ್ನೂ ಬಂದಿಲ್ಲ, ಅಷ್ಟೇ.

ಎರಡು: ಮೇಷ್ಟ್ರು ಹೇಳುವ ಮಾತಿಗೆ ಹೊಂದುವ ಕೈಸನ್ನೆ ಜೊತೆಗಿದ್ದರೆ ಮಕ್ಕಳು ಆ ಮಾತನ್ನು ಹೆಚ್ಚಾಗಿ ಹಿಡಿದು ತಾವೂ ಹೇಳುತ್ತಾರೆ. ಹೊಂದದ ಸನ್ನೆ ಇದ್ದರೆ, ಸನ್ನೆಯೇ ಇಲ್ಲದಿದ್ದಾಗ ಹಿಡಿಯುವಷ್ಟೂ ಹಿಡಿಯುವುದಿಲ್ಲ. 1999ರ ಅಧ್ಯಯನದಲ್ಲಿ ಇದು ಕಂಡಿತು. 2005ರ ಇನ್ನೊಂದು ಅಧ್ಯಯನ ಇದಕ್ಕೆ ಒಂದು ಮಾತು ಸೇರಿಸಿತು: ಬಾಯಿ ಒಂದು ಸರಿಯಾದ ದಾರಿ ಹೇಳುವಾಗ ಕೈ ಇನ್ನೊಂದು ಸರಿಯಾದ ದಾರಿ ತೋರಿಸಿದರೆ ಮಕ್ಕಳಿಗೆ ಇನ್ನೂ ಲಾಭ. ಅಂದರೆ ಕೈ ಮಾತಿಗೆ ಮಾತು ಕೂಡಿಸಬಹುದು. ಹೇಳಿದ್ದನ್ನು ಕೆಡಿಸುವ ಶಕ್ತಿಯೂ ಅದಕ್ಕಿದೆ.

ಮೂರು: 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಕೈಸನ್ನೆಯನ್ನೂ ಮಾಡಲು ಕಲಿಸಿದರು, ಕೆಲವರಿಗೆ ಮಾತು ಮಾತ್ರ. ನಾಲ್ಕು ವಾರ ಬಿಟ್ಟು ನೋಡಿದಾಗ ತಮ್ಮ ಕೈಯಿಂದಲೇ ತೋರಿಸಿ ಕಲಿತ ಮಕ್ಕಳಲ್ಲಿ ಪಾಠ ಹೆಚ್ಚು ಉಳಿದಿತ್ತು.

ಹುಟ್ಟು ಕುರುಡರೂ ಮಾತಾಡುವಾಗ ಕೈ ಆಡಿಸುತ್ತಾರೆ, ಎದುರಿಗಿರುವವರೂ ಕುರುಡರೆಂದು ಗೊತ್ತಿದ್ದರೂ ಆಡಿಸುತ್ತಾರೆ. 1998ರಲ್ಲಿ ಇದು ಪ್ರಕಟವಾಯಿತು. ಬೇರೆಯವರನ್ನು ನೋಡಿ ಕಲಿತದ್ದಲ್ಲ, ಇನ್ನೊಬ್ಬರಿಗೆ ತೋರಿಸುವುದಕ್ಕಷ್ಟೇ ಮಾಡುವುದೂ ಅಲ್ಲ. ಕೈ ಯೋಚನೆಯ ಜೊತೆಗೇ ನಡೆಯುತ್ತದೆ.

*ನಮ್ಮ ಮಕ್ಕಳು ಓದಿದ ಇನ್ನೊಂದು ಪಾಠ*

ಈಗ ನಮ್ಮ ಚರಿತ್ರೆಗೆ ಬರೋಣ. ಕೈ ಇಷ್ಟು ಕಲಿಸುವುದಾದರೆ, ನಮ್ಮ ಹಿರಿಯರು ಶಾಲೆಯಲ್ಲಿ ಯಾವ ಕೈ ನೋಡಿದರು?

ಬಾಬಾಸಾಹೇಬರು ಬಾಲ್ಯದ ಬಗ್ಗೆ ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ತಮ್ಮದೇ ಗೋಣಿಚೀಲದ ಮೇಲೆ ಕೂರಬೇಕು. ಆ ಗೋಣಿಚೀಲವನ್ನು ಶಾಲೆಯ ಆಳೂ ಮುಟ್ಟುವುದಿಲ್ಲ, ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಮುಂದೆ ಬೊಂಬಾಯಿಯ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಕಪ್ಪುಹಲಗೆಯ ಹತ್ತಿರ ಕರೆದಾಗ, ಹಲಗೆಯ ಹಿಂದೆ ಇಟ್ಟಿದ್ದ ಬುತ್ತಿ ಡಬ್ಬಿಗಳನ್ನು ಎತ್ತಿಕೊಳ್ಳಲು ಉಳಿದ ಹುಡುಗರು ಓಡಿದರು ಎಂದು ಅವರ ಜೀವನಚರಿತ್ರೆಯಲ್ಲಿದೆ.

ಇವೆಲ್ಲ ಕೈಯ ಸಂಗತಿಗಳು. ಮುಟ್ಟದ ಕೈ, ನಲ್ಲಿ ತಿರುಗಿಸದ ಕೈ, ಡಬ್ಬಿ ಎಳೆದುಕೊಂಡ ಕೈ. ಪುಸ್ತಕದಲ್ಲಿ ಬೀಜಗಣಿತವೇ ಇರಲಿ, ಇತಿಹಾಸವೇ ಇರಲಿ, ಆ ಮಗುವಿಗೆ ಪ್ರತಿದಿನ ಇನ್ನೊಂದು ಪಾಠವೂ ನಡೆಯುತ್ತಿತ್ತು: ನೀನು ಇಲ್ಲಿಗೆ ಸೇರಿದವನಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೇರಿಯ ಮಕ್ಕಳು ಸ್ಲೇಟನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕಿತ್ತು. ಮೇಷ್ಟ್ರು ನಿಂತಲ್ಲಿಂದಲೇ ಬೆತ್ತದ ತುದಿಯಿಂದ ತಪ್ಪು ತೋರಿಸುತ್ತಿದ್ದರು. ಉಳಿದ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಅವರು ನಮಗೆ ಒಂದು ಕೆಟ್ಟ ಮಾತೂ ಆಡಿದವರಲ್ಲ. ಬಾಯಿಯಲ್ಲಿ "ಎಲ್ಲರೂ ಚೆನ್ನಾಗಿ ಓದಿ" ಎಂದೇ ಹೇಳುತ್ತಿದ್ದರು. ಮೂರನೇ ಕ್ಲಾಸಿಗೆ ಬಂದ ಟೀಚರಮ್ಮ ಮೊದಲ ದಿನವೇ ನನ್ನ ಕೈ ಹಿಡಿದು ಮರಳಿನ ಮೇಲೆ "ಋ" ತಿದ್ದಿಸಿದರು. ಅಲ್ಲಿವರೆಗೆ ನನಗೆ ಬರದಿದ್ದ ಅಕ್ಷರ ಅದು.

ಇಂದು ಆ ಬೆತ್ತದ ತುದಿ ಎಲ್ಲ ಕಡೆ ಕಾಣುವುದಿಲ್ಲ. ಬೇರೆ ರೂಪಗಳು ಕಾಣುತ್ತವೆ. ಒಬ್ಬರ ನೋಟ್ ಬುಕ್ಕನ್ನು ಕೈಗೆ ಕೊಡುವುದು, ಇನ್ನೊಬ್ಬರದನ್ನು ಮೇಜಿನ ಮೇಲೆ ಎಸೆಯುವುದು. ಒಬ್ಬರನ್ನು ಅಂಗೈ ಚಾಚಿ "ಬಾ" ಎನ್ನುವುದು, ಇನ್ನೊಬ್ಬರನ್ನು ಬೆರಳು ತೋರಿಸಿ "ಏ, ನೀನು" ಎನ್ನುವುದು. ನಮ್ಮ ಮಕ್ಕಳು ಶಾಲೆಯಿಂದ ಬಂದಾಗ "ಏನು ಪಾಠ ಆಯ್ತು?" ಎಂದು ಕೇಳುತ್ತೇವಲ್ಲ, "ಬೋರ್ಡ್ ಹತ್ತಿರ ನಿನ್ನನ್ನು ಕರೆದರಾ? ಚಾಕ್ ಕೈಗೆ ಕೊಟ್ಟರಾ?" ಎಂದೂ ಕೇಳಬೇಕು.

*ಕೈ ಕಟ್, ಬಾಯ್ ಮುಚ್*

ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಈ ಆಜ್ಞೆ ಗೊತ್ತು. ಮಕ್ಕಳು ಎದೆಯ ಮೇಲೆ ಕೈ ಕಟ್ಟಿ, ತುಟಿ ಬಿಗಿದು ಕೂರುತ್ತಾರೆ. ಶಿಸ್ತು ಎನ್ನುತ್ತೇವೆ. ಆದರೆ ಮೇಲಿನ ಅಧ್ಯಯನಗಳನ್ನು ನೆನಪಿಸಿಕೊಳ್ಳಿ. ಕೈ ಕಟ್ಟಿದ ಮಗುವಿನ ಯೋಚನೆಯ ಒಂದು ಭಾಗವನ್ನೇ ಕಟ್ಟಿದ ಹಾಗೆ. ಬಾಯಿಗಿಂತ ಮೊದಲು ಕೈಗೆ ಬರುವ ಉತ್ತರ ಹೊರಗೆ ಬರಲು ದಾರಿ ಇಲ್ಲ, ಮೇಷ್ಟ್ರಿಗೂ ಅದು ಕಾಣುವುದಿಲ್ಲ.

ಕೈ ಕಟ್ಟಿ ನಿಲ್ಲುವುದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. ನಮ್ಮ ಅಜ್ಜ, ಮುತ್ತಜ್ಜ ಊರ ಗೌಡರ ಮನೆ ಮುಂದೆ ಕೈ ಕಟ್ಟಿ ನಿಂತವರು. ನಮ್ಮ ವಿಹಾರದಲ್ಲಿ ಆ ಭಂಗಿ ಬೇಕಿಲ್ಲ.

ವಂದನೆಯಲ್ಲಿ ಕೈ ಮುಗಿಯುತ್ತೇವಲ್ಲ ಎಂದು ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ತ್ರಿಸರಣ, ಪಂಚಶೀಲ ಹೇಳುವಾಗ ಮುಗಿಯುವ ಕೈ ನಾವೇ ಗೌರವದಿಂದ ಜೋಡಿಸಿದ ಕೈ. ಭಂತೇಜಿಯೂ ಮುಗಿಯುತ್ತಾರೆ, ಮಗುವೂ ಮುಗಿಯುತ್ತದೆ. ಅದು ಮುಗಿದ ಮೇಲೆ ಪಾಠ ಶುರುವಾದಾಗ ಕೈ ಬಿಡಿಸಬೇಕು. ಕೈ ಮುಗಿದುಕೊಂಡೇ ಉಳಿದರೆ ಪಂಚಶೀಲ ಬಾಯಿಪಾಠದಲ್ಲೇ ನಿಲ್ಲುತ್ತದೆ. ಯಾರೋ ಗುರು ಹೇಳಿದರೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂಬುದು ಕಾಲಾಮರಿಗೆ ಕೊಟ್ಟ ಉಪದೇಶ. ಪರೀಕ್ಷಿಸುವವರಿಗೆ ಎತ್ತಲು ಒಂದು ಕೈ ಬೇಕು, ಪ್ರಶ್ನೆ ಕೇಳಲು ಒಂದು ಬಾಯಿ ಬೇಕು.

*ನಮ್ಮ ತರಗತಿಯಲ್ಲಿ ಮಾಡುತ್ತಿರುವುದು*

ನಾಲ್ಕನೇ ಶೀಲ: ರಾಹುಲನ ಪಾಠವನ್ನು ಸ್ಟೀಲ್ ಚೊಂಬಿನಿಂದ ಮಾಡುತ್ತೇವೆ. ನಾನು ಒಮ್ಮೆ, ಆಮೇಲೆ ಮಕ್ಕಳೇ ಒಬ್ಬೊಬ್ಬರಾಗಿ. ನೀರು ಚೆಲ್ಲಿ, ಚೊಂಬು ಬೋರಲು ಹಾಕಿ, ಎತ್ತಿ ತೋರಿಸಿ, ತಮ್ಮ ಮಾತಿನಲ್ಲಿ ಅರ್ಥ ಹೇಳಬೇಕು. ಒಂದು ಹುಡುಗಿ ಖಾಲಿ ಚೊಂಬನ್ನು ತೋರಿಸಿ, "ಮತ್ತೆ ನೀರು ತುಂಬಬಹುದಲ್ಲಾ ಆಂಟಿ?" ಎಂದಳು. ಆ ದಿನದ ಚರ್ಚೆ ಪೂರ್ತಿ ಅದರ ಮೇಲೇ ನಡೆಯಿತು.

ಪ್ರತೀತ್ಯ ಸಮುತ್ಪಾದ: ದೊಡ್ಡವರಿಗೂ ಕಷ್ಟದ ಪಾಠ. ಸಾರಿಪುತ್ತರು ಇದಕ್ಕೆ ಒಂದಕ್ಕೊಂದು ಒರಗಿ ನಿಂತ ಎರಡು ಜೊಂಡಿನ ಕಂತೆಗಳ ಹೋಲಿಕೆ ಕೊಟ್ಟಿದ್ದಾರೆ. ಹೊಲದಲ್ಲಿ ಜೋಳದ ಸೂಡು ಒರಗಿಸಿ ನಿಲ್ಲಿಸಿದ್ದು ನೋಡಿದ ಮಕ್ಕಳಿಗೆ ಇದು ತಕ್ಷಣ ತಿಳಿಯುತ್ತದೆ. ಎರಡೂ ಅಂಗೈಗಳ ಬೆರಳ ತುದಿ ಒರಗಿಸಿ ಮನೆಯ ಮಾಡಿನ ಹಾಗೆ ಹಿಡಿಯಿರಿ. ಒಂದು ಕೈ ತೆಗೆಯಿರಿ, ಇನ್ನೊಂದು ಬೀಳಲಿ. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ. ಆಮೇಲೆ ಮಕ್ಕಳನ್ನು ಕೇಳಿ: ಜಾತಿ ಯಾವುದರ ಮೇಲೆ ಒರಗಿ ನಿಂತಿದೆ? ಯಾವ ಕೈ ತೆಗೆದರೆ ಅದು ಬೀಳುತ್ತದೆ?

ಬಾಬಾಸಾಹೇಬರ ಪ್ರತಿಮೆ: ನಮ್ಮ ಕೇರಿಗಳಲ್ಲಿ ಮಕ್ಕಳು ದಿನಾ ನೋಡುವ ಕೈ ಒಂದಿದ್ದರೆ ಅದು ಬಾಬಾಸಾಹೇಬರದು. ಸಂಸತ್ ಭವನದ ಆವರಣದಲ್ಲಿ 1967ರಲ್ಲಿ ನಿಲ್ಲಿಸಿದ, ಬಿ.ವಿ. ವಾಘ್ ಮಾಡಿದ ಪ್ರತಿಮೆಯಲ್ಲೂ ಬಲಗೈ ಚಾಚಿ ಬೆರಳು ಮುಂದೆ ತೋರಿಸಿದೆ, ಎಡಗೈಯಲ್ಲಿ ಸಂವಿಧಾನ. ಆ ಬೆರಳು ಯಾರನ್ನೂ "ಏ, ನೀನು" ಎನ್ನುತ್ತಿಲ್ಲ, ದಾರಿ ತೋರಿಸುತ್ತಿದೆ. ಮಕ್ಕಳನ್ನು ಪ್ರತಿಮೆಯ ಹತ್ತಿರ ಕರೆದುಕೊಂಡು ಹೋಗಿ, ಆ ಬೆರಳಿನ ನೇರಕ್ಕೆ ನಿಲ್ಲಿಸಿ, "ಏನು ಕಾಣುತ್ತದೆ?" ಎಂದು ಕೇಳಿ. ನಮ್ಮ ಮಕ್ಕಳು ಶಾಲೆ ಎಂದರು, ಬಸ್ ಸ್ಟ್ಯಾಂಡ್ ಎಂದರು, ಒಬ್ಬ "ನಮ್ಮ ಮನೆ" ಎಂದ. ಎಲ್ಲವೂ ಸರಿಯೇ. ಬೆರಳಿಗೆ ಹಾರ ಹಾಕಿ ಸುಮ್ಮನಾದರೆ ಸಾಲದು, ಅದು ತೋರಿಸುವ ಕಡೆ ನೋಡಬೇಕು ಎಂಬುದು ಅವರಿಗೆ ಅರ್ಥವಾಗಬೇಕು.

*ಈ ವಾರದ ಅಭ್ಯಾಸ*

1. ಮನೆಯಲ್ಲಿ ಮಗುವಿಗೆ ಏನಾದರೂ ಹೇಳಿಕೊಡುವಾಗ ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ. ಮೊಬೈಲ್ ಹಿಡಿದಿದೆಯಾ? ಬೆರಳು ಗದರಿಸುತ್ತಿದೆಯಾ? ಮಾತಿಗೆ ಹೊಂದುತ್ತಿದೆಯಾ?

2. ಮಗು ತಪ್ಪು ಉತ್ತರ ಹೇಳಿದಾಗ ತಕ್ಷಣ ತಿದ್ದಬೇಡಿ. "ಹೇಗೆ ಮಾಡಿದೆ, ತೋರಿಸು" ಎನ್ನಿ. ಬಾಯಿ ಕೇಳಿ, ಕೈಯನ್ನೂ ನೋಡಿ.

3. ಏನನ್ನಾದರೂ ಕೊಡುವಾಗ, ಪುಸ್ತಕ, ಪೆನ್ಸಿಲ್, ನೀರಿನ ಲೋಟ, ಯಾವುದೇ ಇರಲಿ, ಕೈಗೆ ಕೊಡಿ. ಎಸೆಯಬೇಡಿ, ದೂರದಲ್ಲಿ ಇಡಬೇಡಿ. ಸಮಾನತೆಯನ್ನು ಮಗು ಮೊದಲು ಕಲಿಯುವುದು ಇಲ್ಲಿಂದಲೇ.

4. ನಮ್ಮಲ್ಲಿ ಶಿಕ್ಷಕರಾಗಿರುವವರು, ಅಂಗನವಾಡಿ ಕಾರ್ಯಕರ್ತೆಯರು, ಟ್ಯೂಷನ್ ಹೇಳುವ ಕಾಲೇಜು ಹುಡುಗ ಹುಡುಗಿಯರು: ನಿಮ್ಮ ತರಗತಿಯಲ್ಲಿ ಈವರೆಗೆ ಬೋರ್ಡಿನ ಹತ್ತಿರ ಬಾರದ ಮಗು ಯಾವುದು ಎಂದು ನೆನಪಿಸಿಕೊಳ್ಳಿ. ನಾಳೆ ಅದನ್ನು ಕರೆಯಿರಿ. ಚಾಕ್ ಅದರ ಕೈಗೆ ಕೊಡಿ.

*ಚರ್ಚೆಗೆ:* ನಿಮಗೆ ಕಲಿಸಿದವರಲ್ಲಿ ಯಾರ ಕೈ ನಿಮಗೆ ಇನ್ನೂ ನೆನಪಿದೆ? ಆ ಕೈ ಏನು ಕಲಿಸಿತು? ಹೆಸರು ಬೇಡ, ಸಂಗತಿ ಸಾಕು. ಗುಂಪಿನಲ್ಲಿ ಬರೆಯಿರಿ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸಿ. ಓದು ಬರಹ ಬಾರದ ಅಮ್ಮಂದಿರು, ಅಜ್ಜಿಯಂದಿರ ನೆನಪುಗಳನ್ನು ಮನೆಯ ಮಕ್ಕಳು ಕೇಳಿ ಬರೆದು ಕಳಿಸಿದರೆ ಇನ್ನೂ ಸಂತೋಷ. ಭಾನುವಾರದ ತರಗತಿಯಲ್ಲಿ ಓದೋಣ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.